ಬಿದ್ದವನಿಗೆ ಕೆಂಪು ಕಾರ್ಡು

ಸದ್ದು ನನಗೂ ಕೇಳಿಸಿತ್ತು. ನಮ್ಮ ಬಂದರೂರು ಉನ್‌ಪೊದ ಮೈದಾನ ದೊಡ್ಡದಲ್ಲ. ಗೋಲುಕಂಬದ ಹಿಂದಿನ ಮೆಟ್ಟಿಲುಗಳಲ್ಲಿ ಕೂತವರಿಗೆ ಆಟಗಾರರು ಏದುಸಿರು ಬಿಡುವುದೂ ಕೇಳುತ್ತದೆ. ನನ್ನ ತಮ್ಮ ಬಾಂಗ್ ಗಿಜು ಚೆಂಡನ್ನು ಮುಂದಕ್ಕೆ ತಳ್ಳಿಕೊಂಡು ಪೆನಾಲ್ಟಿ ಚೌಕದೊಳಗೆ ನುಗ್ಗಿದ್ದ. ಅವನೆದುರು ಗೋಲ್‌ಕೀಪರ್ ಒಬ್ಬನೇ. ಎಡಗಾಲು ಊರಿ ಬಲಗಾಲಿನಿಂದ ಹೊಡೆಯಬೇಕು, ಅಷ್ಟರಲ್ಲಿ ಬಿಗಿದ ಹಗ್ಗ ಕಡಿದ ಹಾಗೆ 'ಟಪ್' ಎಂದಿತು. ಗಿಜು ಮುಗ್ಗರಿಸಿ ಬಿದ್ದ. ಬಿದ್ದವನೇ ಕತ್ತು ಹೊರಳಿಸಿ ಹಿಂದೆ ನೋಡಿದ, ತನ್ನನ್ನು ಒದ್ದವರು ಯಾರು ಎಂದು ಹುಡುಕುವವನಂತೆ.

ನಾವೆಲ್ಲ ಒಟ್ಟಿಗೆ ಎದ್ದು ನಿಂತೆವು. ರೆಫರಿ ಸೀಟಿ ಊದುತ್ತ ಓಡಿ ಬಂದ. ಪೆನಾಲ್ಟಿ ಸಿಕ್ಕೇಬಿಟ್ಟಿತೆಂದು ಪಕ್ಕದಲ್ಲಿದ್ದ ನಾಮ್ ಅಜ್ಜ ನನ್ನ ಭುಜ ಹಿಡಿದು ಅಲುಗಾಡಿಸತೊಡಗಿದರು. ಬಂದರಿನಲ್ಲಿ ಬಲೆ ಹೊಲಿಯುವ ಮುದುಕ ಅವರು, ನನ್ನ ಹೋಟೆಲಿನ ಖಾಯಂ ಗಿರಾಕಿ. ಆದರೆ ರೆಫರಿಯ ಕೈ ಪೆನಾಲ್ಟಿ ಗುರುತಿನ ಕಡೆ ಹೋಗಲಿಲ್ಲ. ಜೇಬಿಗೆ ಹೋಯಿತು. ಹಳದಿ ಕಾರ್ಡು ಹೊರಗೆ ಬಂತು. ಎದುರಾಳಿ ಹ್ವಾಜಿನ್ ತಂಡದ ನಾಲ್ಕನೇ ನಂಬರಿನವನಿಗೆ ಇರಬೇಕು ಅಂದುಕೊಂಡೆವು, ಗಿಜುವನ್ನು ಅಟ್ಟಿಸಿಕೊಂಡು ಬಂದಿದ್ದವನು ಅವನೇ. ರೆಫರಿ ಅದನ್ನು ನೆಲದ ಮೇಲಿದ್ದ ನನ್ನ ತಮ್ಮನ ಮುಂದೆ ಎತ್ತಿ ಹಿಡಿದ. ಯಾರೂ ಮುಟ್ಟದೆ ಬೇಕೆಂದೇ ಬಿದ್ದು ಪೆನಾಲ್ಟಿ ಗಿಟ್ಟಿಸಲು ನೋಡಿದ ಎಂಬುದು ಅವನ ಮೇಲಿನ ಆರೋಪ. ಮೊದಲರ್ಧದಲ್ಲಿ ಯಾರದೋ ಅಂಗಿ ಜಗ್ಗಿ ಗಿಜು ಆಗಲೇ ಒಂದು ಹಳದಿ ತಿಂದಿದ್ದ. ಎರಡನೆಯದು ಬಂದರೆ ಅದು ಕೆಂಪಾಗುತ್ತದೆ. ರೆಫರಿಯ ಕೈ ಮತ್ತೆ ಜೇಬಿಗೆ ಹೋಗಿ ಕೆಂಪನ್ನೂ ತೆಗೆಯಿತು.

ಆ ಕ್ಷಣ ಯಾರೂ ಕೂಗಲಿಲ್ಲ. ನಾಮ್ ಅಜ್ಜನ ಕೈ ನನ್ನ ಭುಜದ ಮೇಲೆ ಹಾಗೇ ನಿಂತಿತ್ತು.

ಅದು ನಾಲ್ಕನೇ ದರ್ಜೆಯ ಲೀಗಿನ ಕೊನೆಯ ಪಂದ್ಯ, ನವೆಂಬರ್ ತಿಂಗಳು. ನಮ್ಮ ಹುಡುಗರಲ್ಲಿ ಬರೀ ಆಟದಿಂದ ಬದುಕುವವರು ಯಾರೂ ಇಲ್ಲ. ಗಿಜು ಕಡಲಪಾಚಿ ಒಣಗಿಸಿ ಹಾಳೆ ಮಾಡುವ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ ಮುಗಿಸಿ ಅಭ್ಯಾಸಕ್ಕೆ ಹೋಗುತ್ತಿದ್ದ. ಮೈಯೆಲ್ಲ ಉಪ್ಪು ವಾಸನೆ ಎಂದು ಎದುರು ತಂಡದವರು ಹಂಗಿಸುತ್ತಿದ್ದರು. ಆ ದಿನ ಡ್ರಾ ಆದರೂ ಸಾಕಿತ್ತು, ಉನ್‌ಪೊ ಮೊದಲ ಬಾರಿಗೆ ಮೂರನೇ ದರ್ಜೆಗೆ ಏರುತ್ತಿತ್ತು. ಹ್ವಾಜಿನ್ ಏರಬೇಕಾದರೆ ಗೆಲ್ಲಲೇಬೇಕಿತ್ತು. ಗಿಜುವೇ ಹೊಡೆದ ಗೋಲಿನಿಂದ ನಾವು ಮುಂದಿದ್ದೆವು. ಆಟ ಮುಗಿಯಲು ಇಪ್ಪತ್ತು ನಿಮಿಷದ ಮೇಲೆ ಚಿಲ್ಲರೆ ಉಳಿದಿತ್ತು.

ರೆಫರಿ ಗಿಜುವಿಗೆ ಎದ್ದು ಹೊರಡುವಂತೆ ಸನ್ನೆ ಮಾಡಿದ. ಅವನು ಏಳಲಿಲ್ಲ. ಹೊತ್ತು ಕಳೆಯಲು ಹೂಡಿದ ಆಟವೆಂದು ಹ್ವಾಜಿನ್ ಹುಡುಗರು ಗೇಲಿ ಮಾಡಿದರು. ನಮ್ಮ ನಾಯಕ ಪ್ಯೊ ಓಡಿ ಬಂದು ತೋಳು ಹಿಡಿದು ಎಬ್ಬಿಸಿದ. ಗಿಜು ಎಡಗಾಲು ಊರಲು ನೋಡಿದ. ಆ ಪಾದ ಒದ್ದೆ ಬಟ್ಟೆಯ ಹಾಗೆ ಕೆಳಗೆ ಜೋತುಬಿತ್ತು. ಅವನ ಬಾಯಿಂದ ಹೊರಟ ಸ್ವರವನ್ನು ನಾನು ಅವನು ಕೂಸಾಗಿದ್ದಾಗಲೂ ಕೇಳಿರಲಿಲ್ಲ.

ರೆಫರಿ ಆ ಪಾದವನ್ನು ನೋಡಿದ. ನೋಡಿದ್ದನ್ನು ನಾನು ನೋಡಿದೆ. ಪ್ಯೊ ತಲೆ ಬಾಗಿಸಿ ಬೇಡಿಕೊಳ್ಳುತ್ತಿದ್ದ. ಆಟ ಮತ್ತೆ ಶುರುವಾಗುವ ತನಕ ರೆಫರಿ ತನ್ನ ತೀರ್ಪನ್ನು ಬದಲಿಸಬಹುದು, ಅದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಅವನು ಗೆರೆಯ ಮೇಲಿದ್ದ ಸಹಾಯಕನ ಕಡೆ ತಿರುಗಿದ. ಸಹಾಯಕ ಯಾರೂ ಮುಟ್ಟಿಲ್ಲವೆಂದು ಅಡ್ಡಡ್ಡ ತಲೆಯಾಡಿಸಿದ. ಅಷ್ಟರಲ್ಲಿ ಮೆಟ್ಟಿಲುಗಳ ಮೇಲಿನ ಜನಕ್ಕೆ ದನಿ ವಾಪಸು ಬಂದಿತ್ತು. ನಾವು ರೆಫರಿಯ ತಾಯಿಯ ಬಗ್ಗೆ ಕೂಗಿದ್ದನ್ನು ಇಲ್ಲಿ ಬರೆಯಲಾರೆ. ಅವನು ಒಮ್ಮೆ ತಲೆಯೆತ್ತಿ ನಮ್ಮನ್ನು ನೋಡಿದ. ಆಮೇಲೆ ಒಂದು ಕೈಯಿಂದ ಸ್ಟ್ರೆಚರ್ ಕರೆದು, ಇನ್ನೊಂದು ಕೈಯಿಂದ ಚೆಂಡನ್ನು ಹ್ವಾಜಿನ್‌ಗೆ ಕೊಟ್ಟ.

ಆಂಬುಲೆನ್ಸಿನಲ್ಲಿ ನಾನೇ ಜೊತೆಗೆ ಹೋದೆ. ಗಿಜು ಹಲ್ಲು ಕಚ್ಚಿಕೊಂಡು ಒಂದೇ ಮಾತು ಹೇಳುತ್ತಿದ್ದ: ನಾಲ್ಕನೇ ನಂಬರಿನವನು ಹಿಂದಿನಿಂದ ಒದ್ದ, ಶೂ ಹಿಮ್ಮಡಿಗೆ ಬಡಿದದ್ದು ಚೆನ್ನಾಗಿ ಗೊತ್ತಾಯಿತು, ರೆಫರಿ ಕುರುಡ. ಸದ್ದು ನಾನೂ ಕೇಳಿದ್ದೇನೆ ಅಂದೆ. ಮಧ್ಯೆ ಅವನು ಕೇಳಿದ:

"ಅಕ್ಕ, ಎಷ್ಟಾಯ್ತು?"

ಹ್ವಾಜಿನ್ ಒಂದು ಗೋಲು ಹೊಡೆದಿದ್ದು ನನ್ನ ಮೊಬೈಲಿನಲ್ಲಿ ಆಗಲೇ ಬಂದಿತ್ತು.

"ಇನ್ನೂ ನಾವೇ ಮುಂದಿದೀವಿ ಕಣೋ. ಮಾತಾಡ್ಬೇಡ, ಮಲಕ್ಕೋ," ಅಂದೆ.

ಆಸ್ಪತ್ರೆಯಲ್ಲಿ ಅವನ ಶೂ ಕತ್ತರಿಸಿ ತೆಗೆಯುತ್ತಿದ್ದಾಗ ಪಕ್ಕದ ಹಾಸಿಗೆಯಲ್ಲಿ ಕೈಗೆ ಬ್ಯಾಂಡೇಜು ಸುತ್ತಿಕೊಂಡ ಮೀನುಗಾರನೊಬ್ಬ ಮೊಬೈಲ್ ನೋಡುತ್ತ ಕೂತಿದ್ದ. ಯಾರಿಗೂ ಅಲ್ಲದೆ ತನಗೇ ಹೇಳಿಕೊಳ್ಳುವ ಹಾಗೆ, "ಹೋಯ್ತು. ಎರಡು–ಒಂದು. ಮುಳುಗಿದ್ವಿ," ಅಂದ. ಆ ಮಾತು ಕೇಳಿ ಗಿಜು ನನ್ನ ಮುಖ ನೋಡಿದ. ಸುಳ್ಳು ಯಾಕೆ ಹೇಳಿದೆ ಎಂದು ಕೇಳಲಿಲ್ಲ. ಹತ್ತು ಜನ ಎಷ್ಟು ಹೊತ್ತು ತಡೆದುಕೊಳ್ಳುತ್ತಾರೆ ಎಂದಷ್ಟೇ ಹೇಳಿ ಗೋಡೆಯ ಕಡೆ ಹೊರಳಿದ.

ಮರುದಿನ ಕ್ಲಬ್ಬಿನ ಕಾರ್ಯದರ್ಶಿ ಮಾ ಎಂಬವರು ಪೀಚ್ ಹಣ್ಣಿನ ರಸದ ಡಬ್ಬಿಗಳನ್ನು ಹಿಡಿದುಕೊಂಡು ಬಂದರು. ಮೈದಾನದ ಚಾವಣಿಯ ಮೇಲೆ ಒಂದೇ ಒಂದು ಕ್ಯಾಮೆರಾ ಇತ್ತು. ನಮ್ಮ ದರ್ಜೆಯಲ್ಲಿ ಅದನ್ನು ನೋಡಿ ತೀರ್ಪು ಬದಲಿಸುವ ಪದ್ಧತಿಯಿಲ್ಲ. ಅದರ ದೃಶ್ಯವನ್ನು ಮಾ ತಮ್ಮ ಮೊಬೈಲಿನಲ್ಲಿ ತಂದಿದ್ದರು. ನೀನು ಬಿದ್ದದ್ದು ಇದರಲ್ಲಿದೆ, ನೋಡು ಎಂದು ಗಿಜುವಿನ ಕೈಗೆ ಕೊಟ್ಟರು. ನಾನೂ ಬಗ್ಗಿ ನೋಡಿದೆ.

ಗಿಜು ಓಡುತ್ತಿದ್ದಾನೆ. ನಾಲ್ಕನೇ ನಂಬರಿನವನು ಹಿಂದೆ ಇದ್ದಾನೆ, ಆದರೆ ದೂರದಲ್ಲಿ. ಕೈ ಚಾಚಿದರೂ ಅಂಗಿ ಸಿಗದಷ್ಟು ದೂರ. ಗಿಜುವಿನ ಎಡಗಾಲು ಕುಸಿಯುವ ಹೊತ್ತಿಗೆ ಆ ಹುಡುಗ ಇನ್ನೂ ಅವನ ಹತ್ತಿರಕ್ಕೇ ಬಂದಿಲ್ಲ. ನಡುವೆ ಬರೀ ಹುಲ್ಲು.

ಗಿಜು ಮತ್ತೆ ನೋಡಿದ. ನಿಧಾನ ಮಾಡಿ ನೋಡಿದ. ಇದು ಬೇರೆ ಯಾವುದೋ ಸಲದ್ದು, ನಾನು ಬಿದ್ದದ್ದಲ್ಲ ಎಂದ. ಗೋಲ್‌ಕೀಪರ್ ಆ ದಿನ ಹಾಕಿದ್ದ ಕಿತ್ತಳೆ ಬಣ್ಣದ ಅಂಗಿಯನ್ನು ಮಾ ಬೆರಳಿಟ್ಟು ತೋರಿಸಿದರು.

"ಹಾಗಾದ್ರೆ ಒದ್ದೋರು ಯಾರು ಅಕ್ಕ?" ಎಂದು ನನ್ನನ್ನು ಕೇಳಿದ. ಸದ್ದು ನಾನೂ ಕೇಳಿದ್ದೆ.

ಉತ್ತರ ಹೇಳಿದ್ದು ಸುತ್ತು ಬಂದ ವೈದ್ಯೆ. ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುರಜ್ಜು ಪೂರ್ತಿ ಹರಿದಿತ್ತು. ಓಡುವ ಕಾಲನ್ನು ಜೋರಾಗಿ ಊರಿದಾಗ ಅದು ತಾನಾಗಿಯೇ ಹರಿಯುವುದುಂಟಂತೆ, ಹರಿದಾಗ ಪಕ್ಕದವರಿಗೂ ಕೇಳುವಷ್ಟು ಸದ್ದು ಬರುತ್ತದಂತೆ. "ಎಲ್ಲರೂ ಹಿಂದೆ ತಿರುಗಿ ನೋಡ್ತಾರೆ," ಎಂದರು ಆಕೆ. "ಯಾರೋ ಒದ್ರು ಅಂತಾನೇ ಹೇಳ್ತಾರೆ. ಒಬ್ಬಂಟಿಯಾಗಿ ಓಡ್ತಿದ್ದೋರೂ ಹಾಗೇ ಹೇಳಿದಾರೆ."

ವೈದ್ಯೆ ಹೋದ ಮೇಲೂ ಗಿಜು ಮೊಬೈಲನ್ನು ಕೆಳಗಿಡಲಿಲ್ಲ. ಮಾ ಗಂಟಲು ಸರಿಪಡಿಸಿಕೊಂಡು ಬಂದ ಕೆಲಸ ಹೇಳಿದರು. ಪಂದ್ಯವನ್ನು ಮತ್ತೆ ಆಡಿಸಬೇಕೆಂದು ಕ್ಲಬ್ಬು ಲೀಗಿನ ಶಿಸ್ತು ಸಮಿತಿಗೆ ದೂರು ಕೊಡುತ್ತಿದೆ. ನಾಲ್ಕನೇ ನಂಬರಿನವನು ಒದ್ದ, ಪೆನಾಲ್ಟಿ ಕೊಡಬೇಕಿತ್ತು ಎಂಬುದೇ ವಾದ. ಚಿತ್ರ ದೂರದ್ದು, ಮಸುಕಾಗಿದೆ. ಬಿದ್ದವನೇ ಒದ್ದರು ಎಂದರೆ ಸಮಿತಿಯವರು ಏನು ಹೇಳುತ್ತಾರೆ?

"ಕಾರ್ಯದರ್ಶಿಗಳೇ, ಇವನು ನನ್ನ ಹತ್ರಾನೇ ಬಂದಿಲ್ವಲ್ಲ," ಎಂದ ಗಿಜು.

"ನಿನ್ನೆ ತನಕ ಬಂದಿದ್ದ ತಾನೆ? ನಿನ್ನೆ ಹೇಳಿದ್ದನ್ನೇ ಹೇಳು. ಹೊಸದೇನೂ ಹೇಳೋದು ಬೇಡ."

ಅಷ್ಟರಲ್ಲಿ ಊರು ತನ್ನ ಕೆಲಸ ಶುರು ಮಾಡಿಯಾಗಿತ್ತು. ನಾಲ್ಕನೇ ನಂಬರಿನವನು ಒದ್ದನೆಂದು ಗಿಜು ಹೇಳಿದ್ದನ್ನು ನಾನು ನಾಮ್ ಅಜ್ಜನಿಗೆ ಹೇಳಿದ್ದೆ, ಅವರು ಬಂದರಿಗೆ ಹೇಳಿದ್ದರು. ಹ್ವಾಜಿನ್‌ನ ಆ ಹುಡುಗನ ಹೆಸರು, ಫೋಟೊ ಎಲ್ಲರ ಮೊಬೈಲಿಗೂ ಹರಿದಾಡಿದವು. ಸಿಕ್ಕರೆ ಕಾಲು ಮುರಿಯುತ್ತೇವೆಂದು ಬರೆದವರಲ್ಲಿ ನನ್ನ ಹೋಟೆಲಿಗೆ ಬರುವವರೂ ಇದ್ದರು. ರೆಫರಿಯ ಹೆಸರು ತಾಕ್ ಮಾನ್‌ಸಿಕ್, ದೂರದ ಊರಿನಲ್ಲಿ ಕಾರು ಕಲಿಸುವ ಶಾಲೆಯಲ್ಲಿ ಕೆಲಸ ಮಾಡುತ್ತಾನೆ ಎಂದು ಯಾರೋ ಪತ್ತೆ ಹಚ್ಚಿದರು. ಆ ಶಾಲೆಗೆ ಫೋನಿನ ಮೇಲೆ ಫೋನು ಹೋಯಿತು.

"ಕಾರು ಕಲಿಸೋ ಮೇಷ್ಟ್ರಂತೆ," ಎಂದು ನಾಮ್ ಅಜ್ಜ ಹುಳಿಬರಿಸಿದ ಮೂಲಂಗಿ ಕಿಮ್ಚಿ ಕಡಿಯುತ್ತ ನಗಾಡಿದರು. "ಹಿಂದಿನ ಕನ್ನಡಿ ನೋಡೋದನ್ನ ಅವನಿಗೆ ಯಾರು ಕಲಿಸಬೇಕೋ." ಇಡೀ ಹೋಟೆಲು ನಕ್ಕಿತು. ಆಗ ನಾನು ದೃಶ್ಯ ನೋಡಿಯಾಗಿತ್ತು. ಆದರೂ ನಾನು ಏನೂ ಹೇಳದೆ ಸಾರು ಬಡಿಸಿದೆ.

ಸಮಿತಿ ಸೇರಿದ್ದು ರಾಜಧಾನಿ ಸೋಲ್ ನಗರದಲ್ಲಿ. ಗಿಜುವನ್ನು ನಾನೇ ಕಾರಿನಲ್ಲಿ ಕರೆದೊಯ್ದೆ. ಆಪರೇಷನ್ ಆಗಿ ಕಾಲಿಗೆ ಕಟ್ಟು ಹಾಕಿದ್ದರು, ಕಂಕುಳಲ್ಲಿ ಊರುಗೋಲು. ದಾರಿಯುದ್ದಕ್ಕೂ ಅವನು ಏನು ಹೇಳುತ್ತಾನೆಂದು ನಾನು ಕೇಳಲಿಲ್ಲ. ಕೇಳಲು ನನಗೆ ಹೆದರಿಕೆ. ಉನ್‌ಪೊ ಮತ್ತೆ ಆಡಿ ಗೆಲ್ಲಲಿ ಎಂಬ ಆಸೆ ನನಗೂ ಇತ್ತಲ್ಲ.

ಉದ್ದ ಮೇಜಿನ ಹಿಂದೆ ಐದಾರು ಮಂದಿ ಕೂತಿದ್ದರು. ಒಂದು ಬದಿಗೆ ತಾಕ್ ಮಾನ್‌ಸಿಕ್. ಮೈದಾನದಲ್ಲಿ ಕಂಡದ್ದಕ್ಕಿಂತ ಸಣ್ಣ ಆಳು, ನಡುವಯಸ್ಸು, ಕೊರಳಪಟ್ಟಿ ದೊಗಳೆಯಾಗಿತ್ತು. ನೋಡಿದ್ದಕ್ಕೆ ತಕ್ಕ ತೀರ್ಪು ಕೊಟ್ಟೆ ಎಂದಷ್ಟೇ ಹೇಳಿದ. ಮಾ ಎದ್ದು ನಿಂತು ಒದೆತದ ಕಥೆಯನ್ನು ತಾವೇ ಅನುಭವಿಸಿದವರ ಹಾಗೆ ವಿವರಿಸಿದರು. ಅಧ್ಯಕ್ಷರು ಗಿಜುವಿನ ಕಡೆ ತಿರುಗಿ, ನಿನ್ನನ್ನು ನಾಲ್ಕನೇ ನಂಬರಿನ ಆಟಗಾರ ಒದ್ದದ್ದು ನಿಜವೇ ಎಂದು ಕೇಳಿದರು.

ಗಿಜು ಊರುಗೋಲು ಹಿಡಿದು ಎದ್ದ. ಕೂತೇ ಹೇಳಬಹುದು ಎಂದರೂ ಎದ್ದ.

"ನನ್ನನ್ನ ಯಾರೂ ಒದ್ದಿಲ್ಲ ಸರ್. ಯಾರೂ ಮುಟ್ಟೂ ಇಲ್ಲ," ಎಂದ. "ಆದ್ರೆ ನಾನು ಬೇಕೂಂತ ಬಿದ್ದಿಲ್ಲ."

ಮಾ ಕೂತಲ್ಲಿಯೇ ಕಣ್ಣು ಮುಚ್ಚಿಕೊಂಡರು. ತಾಕ್ ಮಾನ್‌ಸಿಕ್ ಮಾತ್ರ, ಕೆನ್ನೆಗೆ ಏಟು ಬಿದ್ದವನ ಹಾಗೆ ತಲೆ ಎತ್ತಿದ.

ಆಸ್ಪತ್ರೆಯ ವರದಿ ನೋಡಿ ತೀರ್ಪನ್ನು ಅಂದೇ ಕೊಟ್ಟರು. ಎರಡನೆಯ ಹಳದಿ ಕಾರ್ಡು ತಪ್ಪು, ಆದ್ದರಿಂದ ಕೆಂಪು ರದ್ದು. ಅದರಿಂದ ಬಂದ ಒಂದು ಪಂದ್ಯದ ನಿಷೇಧವೂ ರದ್ದು. ಪಂದ್ಯದ ಫಲಿತಾಂಶಕ್ಕೆ ಮಾತ್ರ ಬದಲಾವಣೆಯಿಲ್ಲ. ತಪ್ಪು ಕಾರ್ಡಿಗೆಲ್ಲ ಪಂದ್ಯ ಮತ್ತೆ ಆಡಿಸುತ್ತ ಹೋದರೆ ಯಾವ ಲೀಗೂ ಮುಗಿಯುವುದಿಲ್ಲ ಎಂದರು ಅಧ್ಯಕ್ಷರು. ಹೋಗಲಿ ಪಾಪ ಎನ್ನುವಂತೆ ನಗುಮುಖ ಮಾಡಿ, "ಮುಂದಿನ ಪಂದ್ಯಕ್ಕೆ ನೀವು ಇಳೀಬಹುದು," ಅಂದರು. ಅಂದ ಮೇಲೆ ಅವರ ಕಣ್ಣು ಊರುಗೋಲಿನ ಮೇಲೆ ಬಿತ್ತು. ಮತ್ತೆ ಓಡಲು ವರ್ಷವೇ ಹಿಡಿಯಬಹುದು, ಈ ವಯಸ್ಸಿನಲ್ಲಿ ಮೊದಲಿನಂತೆ ಆಡುವುದು ಅನುಮಾನ ಎಂದು ವೈದ್ಯೆ ಹೇಳಿಯಾಗಿತ್ತು.

ಕಾರ್ಡು ತಪ್ಪೆಂದು ಸಾಬೀತಾಗಿತ್ತು, ಆದರೆ ಕಾರ್ಡಿನಿಂದ ಆದ ಸೋಲು ಸರಿಯಾಗಿಯೇ ಉಳಿದಿತ್ತು. ವಾಪಸು ಬರುವಾಗ ಹೆದ್ದಾರಿಯ ವಿಶ್ರಾಂತಿ ಅಂಗಳದಲ್ಲಿ ಕಾರು ನಿಲ್ಲಿಸಿ, ಇದು ಯಾವ ನ್ಯಾಯ ಎಂದು ನಾನು ಸ್ಟೀರಿಂಗಿಗೆ ಹಣೆ ಹಚ್ಚಿ ಅತ್ತೆ. ಗಿಜು ಅಳಲಿಲ್ಲ. ಬಿಸಿ ಬಿಸಿ ಮೀನುಕಡುಬು ತರಿಸಿಕೊಂಡು ನನಗೂ ತಿನ್ನಿಸಿದ.

ಊರಿನಲ್ಲಿ ಸುದ್ದಿ ನಮಗಿಂತ ಮೊದಲೇ ತಲುಪಿತ್ತು. ರೆಫರಿಯ ಮೇಲಿದ್ದ ಸಿಟ್ಟು ತಿರುಗಿ ಗಿಜುವಿನ ಮೇಲೆ ಬಂದದ್ದು ಹೇಗೆಂದು ನನಗೆ ಇಂದಿಗೂ ಬೆರಗು. ತಂಡದವರು ನೋಡಲು ಬರುವುದು ಕಡಿಮೆಯಾಯಿತು. ಕಾರ್ಖಾನೆಯಲ್ಲಿ ಅವನನ್ನು ಸಂತರೇ ಎಂದು ಕರೆಯತೊಡಗಿದರು. ನಾಮ್ ಅಜ್ಜ ಕೆಲವು ದಿನ ಹೋಟೆಲಿನ ಕಡೆ ತಲೆ ಹಾಕಲಿಲ್ಲ. ಬಂದಾಗ ಬಾಗಿಲಲ್ಲೇ ನಿಂತು ಹೇಳಿದರು:

"ಸುಳ್ಳು ಹೇಳು ಅಂತ ಅವನಿಗೆ ಯಾರೂ ಹೇಳ್ಲಿಲ್ಲಮ್ಮ. ಸುಮ್ನೆ ಬಾಯಿ ಮುಚ್ಕೊಂಡಿದ್ರೆ ಸಾಕಿತ್ತು."

"ಅವನನ್ನ ಕೇಳಿದ್ರಲ್ಲ ಅಜ್ಜ, ಬಾಯಿ ಮುಚ್ಕೊಂಡಿರೋದು ಹೇಗೆ?"

"ಕಾಲು ನೋವು ಅಂತ ಒಂದ್ಸಲ ನರಳಿದ್ರೆ ಆಗ್ತಿತ್ತು," ಎಂದು ಅವರು ಒಳಗೆ ಬಂದು ತಮ್ಮ ಜಾಗದಲ್ಲಿ ಕೂತರು.

ಜನವರಿಯ ಒಂದು ಮಧ್ಯಾಹ್ನ, ಊಟದವರೆಲ್ಲ ಹೋದ ಮೇಲೆ, ಒಬ್ಬ ಗಿರಾಕಿ ಒಳಗೆ ಬಂದ. ದಪ್ಪ ಕೋಟು, ಕಿವಿ ಮುಚ್ಚುವ ಟೋಪಿ. ಮೂಲೆಯಲ್ಲಿ ಈರುಳ್ಳಿ ಸೊಪ್ಪು ಹೆಚ್ಚುತ್ತ ಕೂತಿದ್ದ ಗಿಜುವನ್ನು ಕಂಡು ಟೋಪಿ ತೆಗೆದು ಸೊಂಟದ ತನಕ ಬಾಗಿದ. ಬಾಗಿದವನು ಬಹಳ ಹೊತ್ತು ಮೇಲೇಳಲಿಲ್ಲ. ತಾಕ್ ಮಾನ್‌ಸಿಕ್.

ನನ್ನ ಕೈಯಲ್ಲಿ ಕುದಿಯುವ ಸಾರಿನ ಸೌಟಿತ್ತು. ಅದನ್ನು ಅವನ ತಲೆಯ ಮೇಲೆ ಸುರಿದರೆ ಹೇಗೆ ಎಂದು ಒಂದು ಕ್ಷಣ ನಿಜವಾಗಿ ಯೋಚಿಸಿದೆ. ಗಿಜು ಎದುರಿನ ಕುರ್ಚಿ ತೋರಿಸಿದ. "ಅಕ್ಕ, ಇವರಿಗೊಂದು ಬಟ್ಟಲು ಸಾರು-ಅನ್ನ ಕೊಡು," ಎಂದ. ಕೊಟ್ಟೆ. ಮಾಂಸವಿದ್ದ ಮೂಳೆಯ ತುಂಡು ಮಾತ್ರ ಹಾಕಲಿಲ್ಲ.

ತಾಕ್ ಚಮಚ ಮುಟ್ಟಲಿಲ್ಲ. ಆ ಕಾರ್ಡಿನ ಕಾರಣಕ್ಕೆ ಅವನನ್ನು ಕೆಲವು ತಿಂಗಳು ಪಂದ್ಯಗಳಿಂದ ದೂರ ಇಟ್ಟಿದ್ದರಂತೆ. ಅದನ್ನು ಹೇಳಿಕೊಳ್ಳಲು ಬಂದದ್ದಲ್ಲ ಎಂದ. ಸಮಿತಿಯ ಮುಂದೆ ಗಿಜು ಇದ್ದದ್ದನ್ನು ಇದ್ದ ಹಾಗೆ ಹೇಳಿದ, ತಾನು ಹೇಳಲಿಲ್ಲ, ಅದಕ್ಕೇ ಬಂದೆ ಎಂದ.

"ಯಾರೂ ಮುಟ್ಟಿಲ್ಲ ಅನ್ನೋದು ನನಗೆ ಕಣ್ಣಾರೆ ಕಂಡಿತ್ತು. ಮುಟ್ಟದೆ ಬಿದ್ದೋನು ನಾಟಕ ಆಡ್ತಾನೆ ಅಂತ ಕಾರ್ಡು ತೆಗೆದೆ. ಆಮೇಲೆ ನಿಮ್ಮ ಪಾದ ನೋಡಿದೆ," ಎಂದು ನಿಲ್ಲಿಸಿದ. "ಆಗ ಗೊತ್ತಾಯ್ತು."

ಗಿಜುವಿನ ಚಾಕು ನಿಂತಿತು. "ಏನ್ ಗೊತ್ತಾಯ್ತು?"

"ನಾಟಕ ಅಲ್ಲ ಅಂತ. ಕಾರ್ಡು ವಾಪಸ್ ತಗೋಬೇಕು ಅಂತ. ತಗೋಬಹುದಿತ್ತು ಕೂಡ. ಅಷ್ಟರಲ್ಲಿ ಜನ ಕೂಗೋಕೆ ಶುರು ಮಾಡಿದ್ರು. ಈಗ ವಾಪಸ್ ತಗೊಂಡ್ರೆ ಜನಕ್ಕೆ ಹೆದರಿದ ರೆಫರಿ ಅಂತಾರೆ ಅನ್ನಿಸ್ತು. ಬಿದ್ದ ಮೇಲೆ ಕಾಲು ತಿರುಚಿರಬಹುದು ಅಂತ ನನಗೆ ನಾನೇ ಹೇಳ್ಕೊಂಡೆ. ಆ ಜನ ಒಂದು ಗಳಿಗೆ ಸುಮ್ನಿದ್ದಿದ್ರೆ…"

ನಾನು ಒಲೆಯ ಹತ್ತಿರವೇ ನಿಂತಿದ್ದೆ. ಆ ದಿನ ಕೂಗಿ ಕೂಗಿ ನನ್ನ ಗಂಟಲು ಕಟ್ಟಿಹೋಗಿತ್ತು, ಆಸ್ಪತ್ರೆಯಲ್ಲಿ ನರ್ಸಿಗೆ ತಮ್ಮನ ಹೆಸರು ಹೇಳಲೂ ಸ್ವರ ಸರಿಯಾಗಿ ಹೊರಟಿರಲಿಲ್ಲ. ಇಷ್ಟು ದಿನ ಕುರುಡನ ಕೈಯಲ್ಲಿ ಸೋತೆವು ಎಂದುಕೊಂಡಿದ್ದೆ. ಅವನಿಗೆ ಕಾಣಿಸಿತ್ತು. ಕಂಡದ್ದನ್ನು ಹೇಳದಂತೆ ತಡೆದದ್ದರಲ್ಲಿ ನನ್ನ ಕೂಗೂ ಇತ್ತು ಎಂಬುದನ್ನು ಒಪ್ಪಲೂ ಆಗಲಿಲ್ಲ, ಅಲ್ಲಗಳೆಯಲೂ ಆಗಲಿಲ್ಲ.

ಗಿಜು ಹೆಚ್ಚಿದ ಸೊಪ್ಪನ್ನು ಒಂದು ಕಡೆ ಸರಿಸಿ ಕೇಳಿದ. "ಅವತ್ತು ವಾಪಸ್ ತಗೊಂಡಿದ್ರೆ ನಾವು ಮೇಲಕ್ಕೆ ಹೋಗ್ತಿದ್ವಾ ಸರ್?"

"ಗೊತ್ತಿಲ್ಲ," ಎಂದ ತಾಕ್. "ದಿನಾ ಆಡಿಸಿ ನೋಡ್ತೀನಿ ತಲೇಲಿ. ಹನ್ನೊಂದು ಜನ ಇಟ್ಟು ಆಡಿಸ್ತೀನಿ. ಒಂದ್ಸಲ ನೀವು ಗೆಲ್ತೀರಿ, ಒಂದ್ಸಲ ಅವರು."

"ನಾನೂ ಆಣೆ ಇಟ್ಟು ಹೇಳಿದ್ದೆ ಸರ್, ಆ ಹುಡುಗ ಒದ್ದ ಅಂತ. ಅವನ ಮನೆಗೆ ಏನೇನು ಬರೆದು ಕಳಿಸಿದ್ರೋ. ಚಿತ್ರ ನೋಡಿದೀನಿ, ಡಾಕ್ಟ್ರು ಹೇಳಿದ್ದು ಕೇಳಿದೀನಿ. ಕಣ್ಣು ಮುಚ್ಚಿದ್ರೆ ಈಗ್ಲೂ ಒದ್ದ ಹಾಗೇ ಇದೆ." ಬಟ್ಟಲನ್ನು ಅವನ ಕಡೆ ಸರಿಸಿದ. "ಆರಿಹೋಗ್ತಿದೆ, ತಿನ್ನಿ."

ಕ್ಷಮಿಸಿದೆ ಎಂದು ಗಿಜು ಹೇಳಲಿಲ್ಲ. ತಾಕ್ ಅದನ್ನು ಕೇಳಲೂ ಇಲ್ಲ. ಅನ್ನ ಮುಗಿಸಿ, ಬಟ್ಟಲನ್ನು ತಾನೇ ಒಲೆಯ ಹತ್ತಿರ ತಂದಿಟ್ಟು, ನನಗೂ ಬಾಗಿ ಹೊರಟುಹೋದ.

ವಸಂತದಲ್ಲಿ ಉನ್‌ಪೊ ಮತ್ತೆ ನಾಲ್ಕನೇ ದರ್ಜೆಯಲ್ಲೇ ಆಡತೊಡಗಿತು. ಗಿಜು ಊರುಗೋಲು ಬಿಟ್ಟಿದ್ದ, ಕುಂಟು ಬಿಟ್ಟಿರಲಿಲ್ಲ. ಮೊದಲ ಪಂದ್ಯಕ್ಕೆ ಬರುವುದಿಲ್ಲ ಅಂದವನನ್ನು ನಾನೇ ಬಲವಂತ ಮಾಡಿ ಕರೆದುಕೊಂಡು ಹೋದೆ. ಗೋಲಿನ ಹಿಂದಿನ ಮೆಟ್ಟಿಲಲ್ಲಿ ನಾನು, ಅವನು, ನಾಮ್ ಅಜ್ಜ. ರೆಫರಿ ಯಾರೋ ಹೊಸ ಹುಡುಗಿ. ಎರಡೂ ಕಡೆ ಗೋಲಿಲ್ಲದೆ ಆಟ ಮುಗಿಯುತ್ತ ಬಂದಿತ್ತು. ನಮ್ಮ ಹೊಸ ಆಟಗಾರನೊಬ್ಬ ಗುಂಪಿನಲ್ಲಿ ನುಗ್ಗಿ ಬಿದ್ದ. ಆ ಹುಡುಗಿ ಸೀಟಿ ಊದಿ ಪೆನಾಲ್ಟಿ ಗುರುತು ತೋರಿಸಿದಳು. ಪ್ಯೊ ಚೆಂಡಿಟ್ಟು ಬಲೆಗೆ ಹೊಡೆದ. ಮೈದಾನವೆಲ್ಲ ಕುಣಿಯಿತು. ನಾಮ್ ಅಜ್ಜ ಆ ಹುಡುಗಿಗೆ ಒಳ್ಳೆ ಗಂಡ ಸಿಗಲಿ ಎಂದು ಹರಸಿದರು. ನಾನು ಯಾರದೋ ಅಪರಿಚಿತ ಹೆಂಗಸನ್ನು ತಬ್ಬಿಕೊಂಡು ಕಿರುಚುತ್ತಿದ್ದೆ.

ಗಿಜು ಎದ್ದಿರಲಿಲ್ಲ. ನನ್ನ ಕೋಟಿನ ಅಂಚು ಹಿಡಿದು ಎಳೆದ.

"ಅಕ್ಕ, ಅವನನ್ನ ಯಾರೂ ಮುಟ್ಟಿಲ್ಲ. ಅದು ಪೆನಾಲ್ಟಿ ಅಲ್ಲ."

"ಸುಮ್ನಿರೋ," ಅಂದೆ. ಅವನನ್ನು ಸುಮ್ಮನಿರಿಸುವ ಹೊತ್ತಿಗೆ ನನ್ನ ಬಾಯಿ ಇನ್ನೂ ನಗುತ್ತಲೇ ಇತ್ತು. ಅವನು ನನ್ನನ್ನು ನೋಡಿದ ನೋಟಕ್ಕೆ ಆ ನಗು ಅಲ್ಲೇ ನಿಂತಿತು. ಕೆಳಗೆ ಎದುರು ತಂಡದ ನಾಯಕ ಆ ಹುಡುಗಿಯ ಮುಂದೆ ತಲೆ ಬಾಗಿಸಿ ಏನೋ ಬೇಡಿಕೊಳ್ಳುತ್ತಿದ್ದ. ನಮ್ಮ ಮೆಟ್ಟಿಲುಗಳು ಕೂಗುತ್ತಿದ್ದ ಕೂಗಿನಲ್ಲಿ ಅವನ ಮಾತು ಅವಳಿಗೆ ಕೇಳಿಸಿರಲಾರದು.